ದಾನದ ಮನೆಯಲ್ಲಿ ದನಕ್ಕೆ ಜಾಗವೆಲ್ಲಿ?

(ಮಮದಾಪುರದಲ್ಲಿ ಆಡಿದ ಮಾತುಗಳ ಬರಹರೂಪ)



ಮನೆಯ ವಿಷಯ ಮಾತಾಡಲು ಬಾಡಿಗೆ ಕೋಣೆಯಲ್ಲಿರುವ ವರದಿಗಾರನನ್ನು ಕರೆದಿದ್ದೀರಿ. ತಿಳಿದಷ್ಟು ಹೇಳುತ್ತೇನೆ.

ಮಣ್ಣಿನ ಗೋಡೆ, ಕಟ್ಟಿಗೆಯ ಜಂತಿ, ಅದರ ಮೇಲೆ ಮೇಲ್ಮುದ್ದೆ. ನಮ್ಮ ಕಡೆಯ ಈ ಮನೆ ಬೇಸಿಗೆಯಲ್ಲಿ ತಂಪು. ಆದರೆ ಮಳೆ ದಿನಗಟ್ಟಲೆ ಹಿಡಿದರೆ ಮಾಳಿಗೆಯ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಗೋಡೆಯ ಬುಡ ಮೆತ್ತಗಾಗುತ್ತದೆ. ಹೊಳೆ ಬಂದರಂತೂ ಮುಗಿದೇ ಹೋಯಿತು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಹೀಗೆ ಬಿದ್ದ ಮನೆಗಳಿಗೆ ಲೆಕ್ಕವಿಲ್ಲ.

ಆಗ ಬಂದದ್ದು 'ಆಸರೆ' ಯೋಜನೆ. ಜಾಗ, ರಸ್ತೆ, ನೀರು ಸರ್ಕಾರದ್ದು, ಮನೆ ದಾನಿಗಳದ್ದು. ಕಂಪನಿಗಳು, ಮಠಗಳು ಊರಿಗೆ ಊರನ್ನೇ ಕಟ್ಟಲು ಮುಂದಾದವು. ರಾಯಚೂರು ಜಿಲ್ಲೆಯ ಡೊಂಗರಾಂಪುರದಲ್ಲಿ ಮಾತಾ ಅಮೃತಾನಂದಮಯಿ ಮಠ ಮನೆ ಕಟ್ಟಿಸಿತು. ಕೊಟ್ಟ ಕೈ ದೊಡ್ಡದು, ಅನುಮಾನವಿಲ್ಲ.

ಆದರೂ ಹಲವು ಕಡೆ ಆಸರೆ ಮನೆಗಳು ಬೀಗ ಹಾಕಿಸಿಕೊಂಡು ನಿಂತವು, ಸುತ್ತ ಜಾಲಿ ಬೆಳೆಯಿತು. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲ ಎಂದು ಪೇಟೆಯ ಜನ ಆಡಿಕೊಂಡರು. ನಾನೂ ಹಾಗೆಯೇ ನಂಬಿದ್ದೆ. ಆದರೆ ಲೆಕ್ಕ ಹಾಕಿ ನೋಡಿ: ಹೊಲ ಹಳೆಯ ಊರಿನ ಹತ್ತಿರ, ಮನೆ ದೂರ. ಎಮ್ಮೆ ಎಲ್ಲಿ ಕಟ್ಟಬೇಕು? ಮೇವಿನ ಬಣವಿ ಎಲ್ಲಿ ಒಟ್ಟಬೇಕು? ಮೂವರು ಅಣ್ಣತಮ್ಮಂದಿರ ಸಂಸಾರಕ್ಕೆ ಒಂದು ಕೋಣೆ ಸಾಲುತ್ತದೆಯೇ? ನಕ್ಷೆ ಬರೆದವರು ಇದನ್ನು ಕೇಳಿರಲಿಲ್ಲ.

ಅಮೆರಿಕದಲ್ಲಿ ಮಿಲಾರ್ಡ್ ಫುಲ್ಲರ್ ದಂಪತಿ 1976ರಲ್ಲಿ ಆರಂಭಿಸಿದ 'ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ' ಬೇರೆ ದಾರಿ ಹಿಡಿಯಿತು. ಮನೆ ಪಡೆಯುವವರೂ ಕಟ್ಟುವ ಕೆಲಸಕ್ಕೆ ಕೈ ಹಚ್ಚಬೇಕು. ನಮಗೇನು ಇದು ಹೊಸದಲ್ಲ, ಮುಯ್ಯಾಳು ಪದ್ಧತಿ ಗೊತ್ತಿದ್ದವರು ನಾವು. ಕೈ ಹಚ್ಚಿದವರಿಗೆ ಬಾಗಿಲು ಯಾವ ಕಡೆ ಇರಬೇಕು ಎನ್ನುವ ಧೈರ್ಯವೂ ಬರುತ್ತದೆ.

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕ ಪೇಟೆಗೇ ನುಗ್ಗಿದಾಗ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಹಣ ಕಂತಿನಲ್ಲಿ, ಕಟ್ಟುವುದು ಮನೆಯವರೇ. ಇದು ಮೇಲು ಅನಿಸುತ್ತದೆ. ಆದರೆ ಇಲ್ಲಿ ತೊಡಕು ಕಾಗದದ್ದು. ಉತಾರ ತೀರಿಕೊಂಡ ಮಾವನ ಹೆಸರಿನಲ್ಲಿದ್ದರೆ ಸೊಸೆ ಅಲೆಯಬೇಕು. ಬಾಡಿಗೆಗೆ ಇದ್ದವರ ಕೈಯಲ್ಲಿ ಆ ಕಾಗದವೂ ಇಲ್ಲ.

ದಾನಿಗಳು ಬಂದರೆ ಗೋಡೆಯ ಮೇಲೆ ಅವರ ಹೆಸರು ಬರೆಯಲಿ, ತಕರಾರಿಲ್ಲ. ಒಲೆ ಎಲ್ಲಿ, ಎಮ್ಮೆ ಎಲ್ಲಿ ಎಂದು ಮನೆಯಾಕೆಯನ್ನು ಮೊದಲು ಕೇಳಿಸಿ. ಉತಾರದಲ್ಲಿ ಯಾರ ಹೆಸರಿದೆ ಎಂದು ಮುಂದಿನ ಮಳೆಗಾಲಕ್ಕೆ ಮುಂಚೆಯೇ ಪಂಚಾಯ್ತಿಗೆ ಹೋಗಿ ನೋಡಿಕೊಳ್ಳಿ. ಈಗ ನೀವು ಕೇಳುವುದಿದ್ದರೆ ಕೇಳಿ.