ಪ್ಲಸ್ ಒನ್ ಫಾರಂಗೆ ಸಹಿ ಹಾಕುವ ಮುನ್ನ

(ನೀಲಗಿರಿಯ ಗೂಡಲೂರು ಸೀಮೆಯ ಒಂದು ಚಹಾ ತೋಟದ ಲೈನಿನಲ್ಲಿ, ಹತ್ತನೇ ತರಗತಿ ಮುಗಿಸಿದ ಮಕ್ಕಳಿಗೂ ಅವರ ತಂದೆತಾಯಂದಿರಿಗೂ ನಮ್ಮ ಕೂಟದ ಪರವಾಗಿ ಮಾಡಿದ ಭಾಷಣ)



ಬೆಳಗಿನಿಂದ ಎಲೆ ಕೊಯ್ದು, ತೂಕ ಹಾಕಿಸಿ ಬಂದು, ಒಲೆ ಹಚ್ಚುವ ಹೊತ್ತಿನಲ್ಲಿ ನಿಮ್ಮನ್ನು ಇಲ್ಲಿ ಕೂರಿಸಿದ್ದೇವೆ. ಆದ್ದರಿಂದ ಸುತ್ತಿ ಬಳಸಿ ಮಾತಾಡುವುದಿಲ್ಲ. ಹತ್ತನೇ ತರಗತಿಯ ಫಲಿತಾಂಶ ಬಂದಿದೆ. ಈ ಲೈನಿನಲ್ಲೂ ಕೆಳಗಿನ ಲೈನಿನಲ್ಲೂ ಪಾಸಾದ ಮಕ್ಕಳಿದ್ದಾರೆ, ನಮಗೆಲ್ಲ ಸಂತೋಷ. ಇನ್ನು ಕೆಲವು ದಿನಗಳಲ್ಲಿ ನೀವು ಒಂದು ದಿನದ ಕೂಲಿ ಬಿಟ್ಟು, ಮಗುವನ್ನು ಕರೆದುಕೊಂಡು ಸ್ಕೂಲಿಗೆ ಹೋಗುತ್ತೀರಿ. ಅಲ್ಲಿ ಪ್ಲಸ್ ಒನ್ ಫಾರಂ ಕೊಡುತ್ತಾರೆ. ಅದರಲ್ಲಿ ‘ಗ್ರೂಪ್’ ಎಂದು ಒಂದು ಸಾಲು ಇರುತ್ತದೆ. ಆ ಒಂದು ಸಾಲಿನ ವಿಷಯವೇ ಈ ಸಂಜೆಯ ಮಾತು.

ನಮ್ಮ ಹಿರಿಯರಿಗೆ ಈ ತೊಂದರೆ ಇರಲಿಲ್ಲ. ಗುಂಡ್ಲುಪೇಟೆ, ಚಾಮರಾಜನಗರದ ಕಡೆಯಿಂದ ಘಟ್ಟ ಹತ್ತಿ ಬಂದವರ ಮಕ್ಕಳು ಐದನೆಯದೋ ಎಂಟನೆಯದೋ ಮುಗಿಸಿ ಬುಟ್ಟಿ ಹಿಡಿದರು. ತಮಿಳುನಾಡಿನಲ್ಲಿ ಪ್ಲಸ್ ಒನ್ ಶುರುವಾದದ್ದೇ 1978ರಲ್ಲಿ. ಇಂದಿಗೂ ಹತ್ತರವರೆಗೆ ಎಲ್ಲರಿಗೂ ಒಂದೇ ಐದು ಪಾಠ, ಐನೂರು ಅಂಕ. ಆರಿಸುವ ಮಾತೇ ಇಲ್ಲ. ಹನ್ನೊಂದರಲ್ಲಿ ಮೊದಲ ಸಲ ದಾರಿ ಕವಲೊಡೆಯುತ್ತದೆ. ಅದೂ ಹೇಗೆ? ಸ್ಕೂಲಿನ ವರಾಂಡದಲ್ಲಿ, ಸಾಲಿನಲ್ಲಿ ನಿಂತು, ಹಿಂದಿನವರು ನೂಕುತ್ತಿರುವಾಗ, ಎರಡು ನಿಮಿಷದಲ್ಲಿ! ಒಂದು ಕೋಳಿ ಕೊಳ್ಳುವಾಗಲೂ ನಾವು ಅದಕ್ಕಿಂತ ಹೆಚ್ಚು ಹೊತ್ತು ನೋಡುತ್ತೇವೆ.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಂಡು ಮುಂದೆ ಹೋಗುತ್ತೇವೆ. ಕೆಲವು ವರ್ಷಗಳ ಹಿಂದೆ ಪಕ್ಕದ ತೋಟದ ಒಬ್ಬ ಹುಡುಗಿ ಒಳ್ಳೆಯ ಅಂಕ ತೆಗೆದು ನಮ್ಮನ್ನು ಕೇಳಲು ಬಂದಳು. ತಾಯಿಯೊಬ್ಬಳೇ ದುಡಿಯುವ ಮನೆ. ಕಾಮರ್ಸ್ ತೆಗೆದುಕೋ ಮಗಳೇ, ಸುಲಭ, ಹತ್ತಿರದ ಸ್ಕೂಲಿನಲ್ಲೇ ಇದೆ, ಬಸ್ಸಿನ ಕಷ್ಟವಿಲ್ಲ ಎಂದು ನಾವೇ ಹೇಳಿ ಕಳಿಸಿದೆವು. ಪ್ಲಸ್ ಟು ಪಾಸಾದ ಮೇಲೆ ಬಿ.ಎಸ್‌ಸಿ. ನರ್ಸಿಂಗ್ ಓದಬೇಕೆಂದು ಬಂದಳು. ಚಿಕ್ಕಂದಿನಿಂದಲೂ ಅವಳಿಗೆ ಅದೇ ಆಸೆಯಂತೆ. ಆದರೆ ಅದಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕು. ಅವಳು ಓದಿದ್ದು ಅಕೌಂಟ್ಸ್. ಅವಳಿಗೆ ಏನಾಗಬೇಕೆಂದಿದೆ ಎಂದು ನಾವು ಒಂದು ಮಾತೂ ಕೇಳಿರಲಿಲ್ಲ. ಅವಳು ನಮ್ಮನ್ನು ಬಯ್ಯಲಿಲ್ಲ. “ಆಗ ಯಾರೂ ಹೇಳಲಿಲ್ಲ ಅಣ್ಣಾ” ಎಂದಳು, ಅಷ್ಟೇ. ಹೇಳಬೇಕಾಗಿದ್ದವರು ನಾವೇ.

ಆ ದಿನದಿಂದ ನಾವು ಕೇಳುವ ಪ್ರಶ್ನೆ ಬದಲಾಗಿದೆ. ಯಾವ ಗ್ರೂಪ್ ಸುಲಭ, ಯಾವುದಕ್ಕೆ ಗೌರವ ಎಂದು ಕೇಳುವುದಿಲ್ಲ. ಈ ಗ್ರೂಪ್ ತೆಗೆದುಕೊಂಡರೆ ಯಾವ ಬಾಗಿಲು ಮುಚ್ಚುತ್ತದೆ, ಆ ಬಾಗಿಲು ಈ ಮಗುವಿಗೆ ಬೇಕೋ ಬೇಡವೋ ಎಂದು ಕೇಳುತ್ತೇವೆ.

ಗ್ರೂಪ್‌ಗಳು ಹೀಗಿವೆ. ತಮಿಳು ಅಥವಾ ಬೇರೊಂದು ಭಾಷೆ, ಮತ್ತೆ ಇಂಗ್ಲಿಷು. ಈ ಎರಡು ಎಲ್ಲರಿಗೂ. ಅದರ ಮೇಲೆ ನಾಲ್ಕು ಪಾಠ. ಭೌತ, ರಸಾಯನ, ಗಣಿತದೊಂದಿಗೆ ಜೀವಶಾಸ್ತ್ರ ಒಂದು. ಜೀವಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್ ಇನ್ನೊಂದು. ಗಣಿತ ಬಿಟ್ಟು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಮತ್ತೊಂದು. ಕಾಮರ್ಸ್, ಅಕೌಂಟೆನ್ಸಿ, ಅರ್ಥಶಾಸ್ತ್ರದ ಗ್ರೂಪ್ ಬೇರೆ. ಚರಿತ್ರೆಯಂಥ ಕಲಾ ವಿಷಯಗಳದ್ದು ಬೇರೆ. ವೊಕೇಷನಲ್ ಎಂದು ಕೃಷಿ, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ನರ್ಸಿಂಗ್ ಮುಂತಾದವೂ ಇವೆ. ಎಲ್ಲ ಸ್ಕೂಲಿನಲ್ಲೂ ಎಲ್ಲವೂ ಇರುವುದಿಲ್ಲ. ಹತ್ತಿರದ ಸ್ಕೂಲಿನಲ್ಲಿ ಇರುವುದನ್ನೇ ಮಗುವಿನ ಹಣೆಬರಹ ಎಂದುಕೊಳ್ಳಬೇಡಿ. ಮುಂದಿನ ಊರಿನ ಸರಕಾರಿ ಸ್ಕೂಲನ್ನೂ ವಿಚಾರಿಸಿ.

ಗಣಿತದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಂಜಿನಿಯರಿಂಗ್‌ಗೆ ತಮಿಳುನಾಡಿನಲ್ಲಿ 2007ರಿಂದ ಪ್ರವೇಶ ಪರೀಕ್ಷೆ ಇಲ್ಲ. ಪ್ಲಸ್ ಟು ಗಣಿತದ ಅಂಕವನ್ನು 100ಕ್ಕೆ, ಭೌತ, ರಸಾಯನ ಎರಡನ್ನೂ 50ಕ್ಕೆ ಇಳಿಸಿ, ಒಟ್ಟು 200ಕ್ಕೆ ಲೆಕ್ಕ ಹಾಕಿ ಸೀಟು ಕೊಡುತ್ತಾರೆ. ಅಂದರೆ ಅರ್ಧ ಭಾರ ಗಣಿತದ್ದೇ. ಡಾಕ್ಟರ್ ಓದಿಗೆ ಗಣಿತ ಬೇಡ. ಜೀವಶಾಸ್ತ್ರ ಬೇಕು, ಮೇಲೆ ನೀಟ್ ಪರೀಕ್ಷೆ ಬೇಕು. ವಿಜ್ಞಾನ ಓದಿದವರು ಆಮೇಲೆ ಬಿ.ಎ.ಗೋ ಕಾನೂನಿಗೋ ಹೋಗಬಹುದು, ಬಿ.ಕಾಂ.ಗೂ ಅನೇಕ ಕಾಲೇಜುಗಳು ಸೇರಿಸಿಕೊಳ್ಳುತ್ತವೆ. ಕಾಮರ್ಸ್ ಓದಿದವರು ವಿಜ್ಞಾನಕ್ಕೆ ತಿರುಗಿ ಬರಲಾರರು. ಈ ದಾರಿ ಒಂದು ಕಡೆಗೆ ಮಾತ್ರ ಇಳಿಜಾರು.

ಹಾಗೆಂದು ಎಲ್ಲರೂ ಫಸ್ಟ್ ಗ್ರೂಪ್‌ಗೇ ನುಗ್ಗಿ ಎಂದು ನಾವು ಹೇಳುತ್ತಿಲ್ಲ. ಅದರ ಕಥೆಯನ್ನೂ ಕಂಡಿದ್ದೇವೆ. ಒಬ್ಬ ತಂದೆ, ಮೇಸ್ತ್ರಿಯ ಮಗ ಫಸ್ಟ್ ಗ್ರೂಪ್ ಓದುತ್ತಾನೆ, ನನ್ನ ಮಗ ಏನು ಕಡಿಮೆ ಎಂದು ಹಟ ಹಿಡಿದು ಸೇರಿಸಿದರು. ಹುಡುಗನಿಗೆ ಹತ್ತರಲ್ಲಿ ಗಣಿತ ಅಂಚಿನಲ್ಲಿ ಪಾಸು. ಹನ್ನೊಂದರ ಗಣಿತ ಬೇರೆಯೇ ಬೆಟ್ಟ. ಡಿಸೆಂಬರ್ ಹೊತ್ತಿಗೆ ಹೊಟ್ಟೆನೋವು ಎಂದು ಸ್ಕೂಲು ತಪ್ಪಿಸತೊಡಗಿದ; ಮುಂದಿನ ವರ್ಷ ತಿರುಪ್ಪೂರಿನ ಬನಿಯನ್ ಕಂಪನಿಗೆ ಹೊರಟುಹೋದ. ಆ ಹುಡುಗ ಕಲಾ ವಿಭಾಗದಲ್ಲಿ ಚೆನ್ನಾಗಿಯೇ ಓದುತ್ತಿದ್ದ ಎಂದು ಈಗಲೂ ನಮಗನಿಸುತ್ತದೆ. ಚರಿತ್ರೆ ಓದಿದವರು ಮೇಷ್ಟ್ರಾಗುತ್ತಾರೆ, ಸರ್ವಿಸ್ ಕಮಿಷನ್ ಪರೀಕ್ಷೆ ಬರೆಯುತ್ತಾರೆ, ವಕೀಲರಾಗುತ್ತಾರೆ. ಅದನ್ನು ದಡ್ಡರ ಗ್ರೂಪ್ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಒಟ್ಟು ಅಂಕ ನೋಡಬೇಡಿ, ಬಿಡಿ ಅಂಕ ನೋಡಿ. 500ಕ್ಕೆ 380 ಎನ್ನುವುದಕ್ಕಿಂತ ಗಣಿತದಲ್ಲಿ ಎಷ್ಟು, ವಿಜ್ಞಾನದಲ್ಲಿ ಎಷ್ಟು ಎನ್ನುವುದು ಹೆಚ್ಚು ಮಾತಾಡುತ್ತದೆ.

ಇನ್ನೊಂದು ಮೋಸ ಇದೆ. 2017-18ರಿಂದ ಹನ್ನೊಂದಕ್ಕೂ ಪಬ್ಲಿಕ್ ಪರೀಕ್ಷೆ ಇತ್ತು. ಅದನ್ನು 2025-26ರಿಂದ ತೆಗೆದಿದ್ದಾರೆ. ಹಾಗಾದರೆ ಪ್ಲಸ್ ಒನ್ ಆಟದ ವರ್ಷ ಎಂದು ಮಕ್ಕಳು ಹೇಳುತ್ತಿರುವುದು ನಮ್ಮ ಕಿವಿಗೆ ಬಿದ್ದಿದೆ. ನೀಟ್‌ನಲ್ಲಿ ಹನ್ನೊಂದರ ಪಾಠವೂ ಬರುತ್ತದೆ. ಅದನ್ನು ಬಿಟ್ಟವನಿಗೆ ಹನ್ನೆರಡರ ಪಾಠವೂ ಹತ್ತುವುದಿಲ್ಲ.

ಈಗ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯಕ್ಕೆ ಬರುತ್ತೇವೆ. ಗ್ರೂಪ್ ಆರಿಸುವಾಗ ನೀವು ಸ್ಕೂಲನ್ನೂ ಆರಿಸುತ್ತಿದ್ದೀರಿ. ಬೋನಸ್ ಹಣ, ಸಂಘದ ಸಾಲ ಎಲ್ಲ ಸೇರಿಸಿ, ಎರಡು ವರ್ಷವಾದರೂ ಇಂಗ್ಲಿಷ್ ಮೀಡಿಯಂ ಪ್ರೈವೇಟ್ ಸ್ಕೂಲಿನಲ್ಲಿ ಓದಲಿ ಎಂದು ಕೆಲವರು ಹೊರಡುತ್ತಾರೆ. ಆಸೆ ತಪ್ಪಲ್ಲ. ಆದರೆ ಕೇಳಿ. ಆರರಿಂದ ಹನ್ನೆರಡರವರೆಗೆ ತಮಿಳುನಾಡು ಸರಕಾರಿ ಸ್ಕೂಲಿನಲ್ಲೇ ಓದಿದವರಿಗೆ ವೈದ್ಯಕೀಯ ಸೀಟಿನಲ್ಲಿ 2020ರಿಂದ ಶೇಕಡಾ 7.5 ಒಳಮೀಸಲಾತಿ ಇದೆ. 2021ರಿಂದ ಇಂಜಿನಿಯರಿಂಗ್, ಕೃಷಿ, ಪಶುವೈದ್ಯ, ಕಾನೂನು ಓದಿಗೂ ಅದನ್ನು ವಿಸ್ತರಿಸಿದರು. ಹೆಣ್ಣುಮಕ್ಕಳು ಕಾಲೇಜು ಸೇರಿದರೆ ತಿಂಗಳಿಗೆ ರೂ. 1,000 ಕೊಡುವ ಪುದುಮೈ ಪೆಣ್ ಯೋಜನೆ 2022ರಲ್ಲಿ, ಗಂಡುಮಕ್ಕಳಿಗೆ ತಮಿಳ್ ಪುದಲ್ವನ್ 2024ರಲ್ಲಿ ಬಂದವು. ಅವುಗಳಿಗೂ ಸರಕಾರಿ ಸ್ಕೂಲಿನ, ಇಲ್ಲವೇ ಸರಕಾರಿ ನೆರವಿನ ಸ್ಕೂಲಿನ ತಮಿಳು ಮೀಡಿಯಂ ಓದಿನ ನಿಯಮವಿದೆ. ಐದು ವರ್ಷ ಸರಕಾರಿ ಸ್ಕೂಲಿನಲ್ಲಿ ಓದಿಸಿ, ಕೊನೆಯ ಎರಡು ವರ್ಷ ಪ್ರೈವೇಟಿಗೆ ಹಾಕಿದರೆ, ಸಾಲ ಮಾಡಿ ಹಕ್ಕನ್ನು ಕಳೆದುಕೊಂಡ ಹಾಗಾಗುತ್ತದೆ.

ಮೀಡಿಯಂನದ್ದೂ ಹಾಗೆಯೇ. ತಮಿಳು ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯ ಸರಕಾರದ ಕೆಲಸಗಳಲ್ಲಿ ಶೇಕಡಾ 20 ಮೀಸಲು ಇಡುವ ಕಾನೂನು 2010ರದು. ಅದರ ಲಾಭ ಬೇಕಾದರೆ ಮೊದಲ ತರಗತಿಯಿಂದ ಆ ಕೆಲಸಕ್ಕೆ ಬೇಕಾದ ಓದಿನ ಕೊನೆಯವರೆಗೂ ತಮಿಳು ಮಾಧ್ಯಮವೇ ಆಗಿರಬೇಕು. ಪ್ಲಸ್ ಒನ್‌ನಲ್ಲಿ ಮೀಡಿಯಂ ಬದಲಿಸಿದರೆ ಹೋಯಿತು. 2021ರಲ್ಲಿ ಬಂದ ಆಜ್ಞೆಯಂತೆ ಸರಕಾರಿ ಕೆಲಸದ ಪರೀಕ್ಷೆಯಲ್ಲಿ ತಮಿಳು ಪತ್ರಿಕೆಯಲ್ಲಿ ಶೇಕಡಾ 40 ತೆಗೆಯದೆ ಬೇರೆ ಪತ್ರಿಕೆ ತಿದ್ದುವುದೂ ಇಲ್ಲ. ಅಂಕ ಸುಲಭವಾಗಿ ಸಿಗುತ್ತದೆಂದು ತಮಿಳು ಬಿಟ್ಟು ಫ್ರೆಂಚ್ ತೆಗೆದುಕೊಳ್ಳುವವರು ಇದನ್ನು ನೆನಪಿಡಲಿ. ನಾವು ಮನೆಯಲ್ಲಿ ಕನ್ನಡ, ಸ್ಕೂಲಿನಲ್ಲಿ ತಮಿಳು, ಬಜಾರಿನಲ್ಲಿ ಮಲಯಾಳ ಆಡುವ ಜನ. ತಾಳವಾಡಿ, ಹೊಸೂರಿನ ಕಡೆ ಕನ್ನಡ ಸ್ಕೂಲುಗಳಿವೆ; ಇಲ್ಲಿ ಕನ್ನಡವನ್ನು ಉಳಿಸಬೇಕಾದ್ದು ಅಡಿಗೆಮನೆಯಲ್ಲಿ. ಅದು ಬೇರೆ ದಿನದ ಮಾತು.

ಗಡಿ ದಾಟುವವರಿಗೂ ಒಂದು ಮಾತು. ಸುಲ್ತಾನ್ ಬತ್ತೇರಿಯಲ್ಲಿ ಚಿಕ್ಕಮ್ಮ ಇದ್ದಾಳೆ, ಗುಂಡ್ಲುಪೇಟೆಯಲ್ಲಿ ಮಾವ ಇದ್ದಾರೆ, ಅಲ್ಲೇ ಓದಲಿ ಎನ್ನುತ್ತೀರಿ. ಕೇರಳದಲ್ಲಿ ಸೈನ್ಸ್, ಹ್ಯುಮಾನಿಟೀಸ್, ಕಾಮರ್ಸ್ ಎಂದು ವಿಂಗಡಣೆ; ಸರಕಾರಿ ಮತ್ತು ಎಯ್ಡೆಡ್ ಸೀಟಿಗೆ ಒಂದೇ ಆನ್‌ಲೈನ್ ಅರ್ಜಿ. ಕರ್ನಾಟಕದಲ್ಲಿ ಪಿ.ಯು.ಸಿ. ಓದು ಎಲ್ಲಿಯೂ ಕೆಟ್ಟದ್ದಲ್ಲ. ಆದರೆ ಮೇಲೆ ಹೇಳಿದ 7.5 ಅಲ್ಲಿಗೆ ಬರುವುದಿಲ್ಲ. ಒಂದು ರಾಜ್ಯದ ಪರಿಶಿಷ್ಟ ಜಾತಿ ಸರ್ಟಿಫಿಕೇಟು ವಲಸೆ ಹೋದ ರಾಜ್ಯದ ಮೀಸಲಾತಿಗೆ ನಡೆಯುವುದಿಲ್ಲವೆಂದು ಸುಪ್ರೀಂ ಕೋರ್ಟು 1990ರಲ್ಲೇ ತೀರ್ಪು ಕೊಟ್ಟಿದೆ. ತಾತನ ಊರಿನ ಕಾಗದ ಪೆಟ್ಟಿಗೆಯಲ್ಲಿದೆ ಎಂದು ನಿಶ್ಚಿಂತೆಯಿಂದ ಇರಬೇಡಿ. ಮಗುವಿನ ಹೆಸರಿನಲ್ಲಿ ಯಾವ ರಾಜ್ಯದ ಸರ್ಟಿಫಿಕೇಟು ಇದೆ ಎಂದು ಇವತ್ತೇ ತೆಗೆದು ನೋಡಿ.

ಕೊನೆಗೆ, ಯಾರೂ ಬಾಯಿಬಿಟ್ಟು ಹೇಳದ ವಿಷಯ. ಮನೆ. ಅಪ್ಪ ರಿಟೈರಾದರೆ ಲೈನ್ ಮನೆ ಬಿಡಬೇಕು. ಮಕ್ಕಳಲ್ಲಿ ಒಬ್ಬರು ತೋಟಕ್ಕೆ ಹೆಸರು ಕೊಟ್ಟರೆ ಮನೆ ಉಳಿಯುತ್ತದೆ. ಆದ್ದರಿಂದಲೇ ಅನೇಕ ಮನೆಗಳಲ್ಲಿ ಹಿರಿಯ ಮಗನ, ಕೆಲವು ಕಡೆ ಮಗಳ ಓದು ಹತ್ತಕ್ಕೇ ನಿಲ್ಲುತ್ತದೆ. ಮಳೆಗಾಲದಲ್ಲಿ ಸೂರಿಲ್ಲದೆ ಹೋಗುವ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ, ನಾವೂ ಅದೇ ಸೂರಿನಡಿ ಬೆಳೆದವರು. ಬೇಗ ದುಡಿಯಲೇಬೇಕಾದ ಮಗುವಿಗೆ ಪ್ಲಸ್ ಒನ್ ಒಂದೇ ದಾರಿಯಲ್ಲ. ಹತ್ತರ ನಂತರ ಐ.ಟಿ.ಐ.ಯಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಎರಡು ವರ್ಷ. ಚಹಾ ಫ್ಯಾಕ್ಟರಿಯಲ್ಲೂ ಹೊರಗೂ ಆ ಕೈಗೆ ಕೆಲಸವಿದೆ. ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ, ಐ.ಟಿ.ಐ. ಮುಗಿಸಿದವರಿಗೆ ಅದರ ಎರಡನೇ ವರ್ಷಕ್ಕೆ ನೇರ ಪ್ರವೇಶ ಉಂಟು, ಡಿಪ್ಲೊಮಾ ಮುಗಿಸಿದವರಿಗೆ ಬಿ.ಇ. ಎರಡನೇ ವರ್ಷಕ್ಕೆ ಉಂಟು. ಈ ದಾರಿಯಲ್ಲಿ ನಡುವೆ ನಿಂತು ದುಡಿದು ಮತ್ತೆ ಹೊರಡಬಹುದು. ಪ್ಲಸ್ ಒನ್ ಅರ್ಧಕ್ಕೆ ಬಿಟ್ಟವನ ಕೈಯಲ್ಲಿ ಹತ್ತರ ಮಾರ್ಕ್ ಶೀಟು ಮಾತ್ರ ಉಳಿಯುತ್ತದೆ.

ಒಬ್ಬ ತಾಯಿ ಈಗ ತಾನೇ ಕೇಳಿದರು: “ನಮಗೆ ಓದು ಬರಹ ಬಾರದು, ಇದೆಲ್ಲ ನಾವು ಸ್ಕೂಲಿನಲ್ಲಿ ಹೇಗೆ ಕೇಳುವುದು?” ನ್ಯಾಯವಾದ ಪ್ರಶ್ನೆ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಹೆಡ್‌ಮಾಸ್ಟರನ್ನು ಕೇಳಿಯೇ ತಿಳಿಯಬೇಕು, ಒಬ್ಬರೇ ಹೋಗಬೇಕಾಗಿಲ್ಲ. ಬರುವ ಭಾನುವಾರ ಮಧ್ಯಾಹ್ನ ಇದೇ ಜಾಗದಲ್ಲಿ ಕೂರುತ್ತೇವೆ. ಮಾರ್ಕ್ ಶೀಟು, ಜಾತಿ ಸರ್ಟಿಫಿಕೇಟು, ಆರನೇ ತರಗತಿಯಿಂದ ಓದಿದ ಸ್ಕೂಲುಗಳ ಹೆಸರು ಇಷ್ಟನ್ನು ತನ್ನಿ. ಮಗುವನ್ನೂ ಕರೆತನ್ನಿ, ಅದಕ್ಕೇ ಮೊದಲು ಮಾತಾಡಲು ಬಿಡಿ. ಸೋಮವಾರ ಯಾರಿಗೆ ಜೊತೆ ಬೇಕೋ ಅವರೊಂದಿಗೆ ನಮ್ಮಲ್ಲಿ ಇಬ್ಬರು ಬೆಳಗಿನ ಬಸ್ಸಿಗೆ ಬರುತ್ತೇವೆ.