ಧೂಪದ ಗೊಗ್ಗವ್ವೆ ಮತ್ತು ಅವಳ ಕಾಲದ ಸೋದರಿಯರು



ಅಕ್ಕಮಹಾದೇವಿಯ ಹೆಸರು ಕೇಳದ ಕನ್ನಡಿಗರು ಇಲ್ಲವೆಂದೇ ಹೇಳಬೇಕು. ಶಾಲೆಯ ಪಾಠದಲ್ಲಿ ಓದಿದ್ದೇವೆ, ಮಲ್ಲಿಕಾರ್ಜುನ ಮನ್ಸೂರರ ಕಂಠದಲ್ಲಿ ಬಾನುಲಿಯಿಂದ ಕೇಳಿದ್ದೇವೆ. ಆದರೆ ಅದೇ 12ನೆಯ ಶತಮಾನದಲ್ಲಿ ಕೇರಳದ ಕಡೆಯಿಂದ ಕಲ್ಯಾಣಕ್ಕೆ ಹೋಗಿ, ಕನ್ನಡದಲ್ಲಿ ವಚನಗಳನ್ನು ರಚಿಸಿದ ಒಬ್ಬ ಹೆಣ್ಣುಮಗಳಿದ್ದಳು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಅವಳ ಹೆಸರು ಗೊಗ್ಗವ್ವೆ. ಗಡಿನಾಡಿನವರಾದ ನಾವು ಅವಳನ್ನು ನೆನೆಯದಿದ್ದರೆ ಬೇರೆ ಯಾರು ನೆನೆಯಬೇಕು?

ಶರಣ ಪರಂಪರೆ ಅವಳ ಬಗ್ಗೆ ಹೇಳುವುದು ಇಷ್ಟು: ಅವಳ ಊರು ಕೇರಳದ ಅವಲೂರು. ಮನೆಯವರು ಮದುವೆಗೆ ಒತ್ತಾಯಿಸಿದಾಗ ಅವಳು ಒಪ್ಪಲಿಲ್ಲ. ಕಲ್ಯಾಣದಲ್ಲಿ ಶಿವಪೂಜೆಗೆ ಧೂಪ ಅರ್ಪಿಸುವ ಕಾಯಕವನ್ನು ಹಿಡಿದಳು. ಆದ್ದರಿಂದಲೇ ಅವಳು ಧೂಪದ ಗೊಗ್ಗವ್ವೆ. ‘ನಾಸ್ತಿನಾಥ’ ಎಂಬ ಅಂಕಿತದ ಅವಳ ಆರು ವಚನಗಳು ನಮಗೆ ದೊರೆತಿವೆ.

ಬರಿಯ ಆರೇ? ಎಂದು ನೀವು ಕೇಳಬಹುದು. ಆದರೆ ಆ ಆರರಲ್ಲಿ ಅವಳು ಎತ್ತಿದ ಪ್ರಶ್ನೆ ಸಣ್ಣದಲ್ಲ. ದೇಹದ ಗುರುತನ್ನು ನೋಡಿ ಇದು ಹೆಣ್ಣು, ಇದು ಗಂಡು ಎಂದು ಲೋಕ ತೀರ್ಮಾನಿಸುತ್ತದೆ; ಸರಿ, ಆದರೆ ಇಬ್ಬರೊಳಗೂ ಇರುವ ಅರಿವು ಹೆಣ್ಣೋ ಗಂಡೋ ಎಂದು ಅವಳು ಕೇಳುತ್ತಾಳೆ. ಇದನ್ನು ಕೇಳಿದವಳು ರಾಣಿಯಲ್ಲ, ಪಂಡಿತರ ಮಗಳೆಂದು ಹೆಸರಾದವಳಲ್ಲ. ಧೂಪ ಹಾಕಿ ಬದುಕಿದವಳು.

ಅಂಕಿತದಲ್ಲೂ ಒಂದು ವಿಶೇಷವಿದೆ. ಆಯ್ದಕ್ಕಿ ಲಕ್ಕಮ್ಮನ ಅಂಕಿತದಲ್ಲಿ ಗಂಡ ಮಾರಯ್ಯನ ಹೆಸರು ಸೇರಿದೆ. ಮುಕ್ತಾಯಕ್ಕನ ಅಂಕಿತದಲ್ಲಿ ಅಣ್ಣ ಅಜಗಣ್ಣನ ಹೆಸರಿದೆ. ಅದು ಅವರ ಪ್ರೀತಿಯ, ಗೌರವದ ಗುರುತು. ಗೊಗ್ಗವ್ವೆಯ ಅಂಕಿತದಲ್ಲಿ ಅಂಥ ನೆಂಟರ ಹೆಸರಿಲ್ಲ. ಅವಳು, ಅವಳ ದೇವರು, ನಡುವೆ ಧೂಪದ ಹೊಗೆ, ಅಷ್ಟೆ.

ಈ ಶರಣೆಯರನ್ನು ಸನ್ಯಾಸಿನಿಯರು ಎಂದು ಕರೆಯಬಹುದೇ? ಎಲ್ಲರನ್ನೂ ಕರೆಯಲಾಗದು. ಲಕ್ಕಮ್ಮ ಸಂಸಾರಸ್ಥೆ. ಅಕ್ಕಮಹಾದೇವಿ ಉಡುತಡಿಯ ಮನೆಯನ್ನು ಬಿಟ್ಟು ಒಂಟಿಯಾಗಿ ನಡೆದಳು. ಅವಳಿಗೆ ಮಠದ ಗೋಡೆ ಇರಲಿಲ್ಲ. ಜೈನರಲ್ಲಿ ಮಾತ್ರ ಸನ್ಯಾಸಿನಿಯರ ವ್ಯವಸ್ಥೆ ಅದಕ್ಕಿಂತ ಬಹಳ ಹಳೆಯದು. ಅವರನ್ನು ಕಂತಿಯರೆಂದು ಕರೆಯುತ್ತಿದ್ದರು. ಶ್ರವಣಬೆಳಗೊಳದ ಚಿಕ್ಕ ಬೆಟ್ಟದ ಬಂಡೆಗಳ ಮೇಲೆ, ವ್ರತ ಹಿಡಿದು ದೇಹ ಬಿಟ್ಟ ಕಂತಿಯರ ಹೆಸರುಗಳನ್ನು ಇಂದಿಗೂ ಓದಬಹುದು. ಕನ್ನಡದ ಮೊದಲ ಕವಯಿತ್ರಿ ಎಂದು ಪರಂಪರೆ ಹೇಳುವವಳ ಹೆಸರೂ ಕಂತಿಯೇ. ಆದರೆ ಅವಳ ಕಾವ್ಯವೆಂದು ಕೈಗೆತ್ತಿಕೊಳ್ಳಲು ಒಂದು ಗ್ರಂಥವಿಲ್ಲ. ಉಳಿದಿರುವುದು ಕೆಲವು ಸಮಸ್ಯಾಪೂರ್ತಿಯ ಪದ್ಯಗಳು, ಅವಳ ಸುತ್ತ ಹೆಣೆದ ಕಥೆ.

ಇನ್ನು ಸ್ವಲ್ಪ ದೂರದ ಮಾತು. ಕ್ರಿಸ್ತನ ಕೊನೆಯ ದಿನವನ್ನು ಕುರಿತು ನಮ್ಮ ಮಂಜೇಶ್ವರದ ಗೋವಿಂದ ಪೈಗಳು ‘ಗೊಲ್ಗೊಥಾ’ ಬರೆದರು. ಅಂಥ ನೆಲದವರಾದ ನಮಗೆ ಕ್ರೈಸ್ತ ಸನ್ಯಾಸಿನಿಯೊಬ್ಬಳ ಕಥೆ ಪರಕೀಯವಾಗಲಾರದು. ಜರ್ಮನಿಯ ರೈನ್ ನದಿಯ ದಡದಲ್ಲಿ, ಬಿಂಗೆನ್ ಎಂಬಲ್ಲಿ ಹಿಲ್ಡೆಗಾರ್ಡ್ ಎಂಬವಳಿದ್ದಳು. 1098ರಲ್ಲಿ ಹುಟ್ಟಿ 1179ರಲ್ಲಿ ತೀರಿಕೊಂಡಳು. ಅಂದರೆ ನಮ್ಮ ಶರಣೆಯರ ಸಮಕಾಲೀನಳು. ಬಾಲ್ಯದಲ್ಲೇ ತಂದೆತಾಯಿ ಅವಳನ್ನು ಧರ್ಮಸೇವೆಗೆ ಒಪ್ಪಿಸಿದರು. ಮುಂದೆ ಅವಳೇ ಸನ್ಯಾಸಿನಿಯರ ಹಿರಿಯಳಾದಳು. ತನಗಾದ ದರ್ಶನಗಳನ್ನು ಬರೆಸಿದಳು, ಗಿಡಮೂಲಿಕೆಗಳ ಗುಣ ಬರೆದಳು, ಎಪ್ಪತ್ತಕ್ಕೂ ಮೇಲ್ಪಟ್ಟು ಹಾಡುಗಳಿಗೆ ತಾನೇ ರಾಗ ಕಟ್ಟಿದಳು.

1178ರಲ್ಲಿ ಒಂದು ಸಂಕಟ ಬಂತು. ಅವಳ ಮಠದ ಸ್ಮಶಾನದಲ್ಲಿ ಹೂಳಲಾದ ಒಬ್ಬ ಗಣ್ಯ ಬಹಿಷ್ಕೃತನೆಂದೂ, ಹೆಣವನ್ನು ಹೊರಗೆ ತೆಗೆಯಬೇಕೆಂದೂ ಮೈನ್ಝ್ ನಗರದ ಧರ್ಮಾಧಿಕಾರಿಗಳು ಆಜ್ಞೆ ಮಾಡಿದರು. ಆತ ಸಾಯುವ ಮೊದಲೇ ಕ್ಷಮೆ ಪಡೆದಿದ್ದಾನೆ ಎಂದು ಹಿಲ್ಡೆಗಾರ್ಡ್ ಒಪ್ಪಲಿಲ್ಲ. ಶಿಕ್ಷೆಯೇನು ಗೊತ್ತೇ? ಮಠದಲ್ಲಿ ಹಾಡು ನಿಷೇಧ! ಎಂಬತ್ತರ ಮುದುಕಿ ಸುಮ್ಮನಾಗಲಿಲ್ಲ. ದೇವರನ್ನು ಸ್ತುತಿಸುವ ಬಾಯನ್ನು ಕಟ್ಟುವುದು ಸೈತಾನನಿಗೆ ಮೆಚ್ಚುಗೆಯಾಗುವ ಕೆಲಸವೆಂಬ ಅರ್ಥದಲ್ಲಿ ಅಧಿಕಾರಿಗಳಿಗೆ ಪತ್ರ ಬರೆದಳು. 1179ರಲ್ಲಿ ನಿಷೇಧ ಹೋಯಿತು. ಮಠದಲ್ಲಿ ಮತ್ತೆ ಹಾಡು ಕೇಳಿತು. ಅದೇ ವರ್ಷ ಅವಳು ಕಣ್ಣು ಮುಚ್ಚಿದಳು.

ಇಬ್ಬರಲ್ಲೂ ಭೇದವಿದೆ. ಹಿಲ್ಡೆಗಾರ್ಡ್ ಬರೆದದ್ದು ಪಂಡಿತರ ಲ್ಯಾಟಿನ್ ಭಾಷೆಯಲ್ಲಿ. ಗೊಗ್ಗವ್ವೆ ನುಡಿದದ್ದು ಕಲ್ಯಾಣದ ಬೀದಿಯಲ್ಲಿ ಜನರಾಡುತ್ತಿದ್ದ ಕನ್ನಡದಲ್ಲಿ. ಹಿಲ್ಡೆಗಾರ್ಡಳಿಗೆ ಮಠದ ಆಸರೆಯಿತ್ತು, ಬರೆದುಕೊಳ್ಳಲು ಲಿಪಿಕಾರರಿದ್ದರು. ಅವಳ ಬರಹಗಳನ್ನು ಕೂಡಿಸಿದ ಒಂದು ಬೃಹತ್ ಹಸ್ತಪ್ರತಿ ಇಂದಿಗೂ ಜರ್ಮನಿಯಲ್ಲಿದೆ. ನಮ್ಮಲ್ಲಿ ಕಲ್ಯಾಣದ ಕ್ರಾಂತಿಯ ಬಳಿಕ ಶರಣರು ಚದರಿದರು. ವಚನಗಳು ತಾಳೆಗರಿಯ ಕಟ್ಟುಗಳಲ್ಲಿ ಮಠದಿಂದ ಮಠಕ್ಕೆ, ಮನೆಯಿಂದ ಮನೆಗೆ ಹೋದವು. ಫ. ಗು. ಹಳಕಟ್ಟಿಯವರು ಅವನ್ನು ಹುಡುಕಿ ತಂದು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. 1993ರಲ್ಲಿ ಕರ್ನಾಟಕ ಸರ್ಕಾರ ಹೊರತಂದ ಸಮಗ್ರ ವಚನ ಸಂಪುಟಗಳಲ್ಲಿ ಐದನೆಯದು ಶರಣೆಯರಿಗೇ ಮೀಸಲು. ಸಂಪಾದಕರು ವೀರಣ್ಣ ರಾಜೂರರು. ಮೂವತ್ತಕ್ಕೂ ಹೆಚ್ಚು ಮಂದಿ ಹೆಣ್ಣುಮಕ್ಕಳ ಮಾತು ಅಲ್ಲಿದೆ. ಯಾರೋ ಗರಿಯನ್ನು ಕಾಪಾಡಿದರು, ಯಾರೋ ಹುಡುಕಿದರು, ಯಾರೋ ಅಚ್ಚುಹಾಕಿದರು. ಅದಕ್ಕೇ ಆ ಆರು ವಚನಗಳು ಉಳಿದವು.

ಇನ್ನು ನಮ್ಮ ಮಾತಿಗೆ ಬರೋಣ. ಅಕ್ಕಮಹಾದೇವಿಯ ‘ಯೋಗಾಂಗ ತ್ರಿವಿಧಿ’ ಇರುವುದು ತ್ರಿಪದಿಯಲ್ಲಿ. ಕನ್ನಡನಾಡಿನ ಹೆಂಗಸರು ಬೀಸುಕಲ್ಲಿನ ಮುಂದೆ ಹಾಡಿದ್ದೂ ಅದೇ ತ್ರಿಪದಿಯನ್ನು. ನಮ್ಮ ಕಾಸರಗೋಡಿನ ಗದ್ದೆಗಳಲ್ಲಿ ತುಳುವಿನ ಓಬೇಲೆ ಇತ್ತು, ಪಾಡ್ದನವಿತ್ತು. ಮಲಯಾಳದ ಞಾಟ್ಟುಪಾಟ್ಟು ಇತ್ತು. ಮದುವೆ ಮನೆಗಳಲ್ಲಿ ಕನ್ನಡದ ಶೋಭಾನೆ ಇತ್ತು. ಗದ್ದೆ ಹೋಗಿ ತೋಟವಾಯಿತು, ತೋಟ ಹೋಗಿ ಮನೆ ಎದ್ದಿತು. ನೇಜಿ ನೆಡುವವರಿಲ್ಲದ ಮೇಲೆ ನೇಜಿಯ ಹಾಡು ಹಾಡುವವರೆಲ್ಲಿ?

ಹಾಗಾಗಿ ನಿಮ್ಮಲ್ಲಿ ಒಂದು ಬಿನ್ನಹ. ಮನೆಯಲ್ಲಿ ಹಾಡು ಬಲ್ಲ ಅಜ್ಜಿಯೋ ಅಮ್ಮಮ್ಮನೋ ಇದ್ದರೆ, ಈ ವಾರವೇ ಅವರ ಹತ್ತಿರ ಕುಳಿತುಕೊಳ್ಳಿ. ಭಾಷೆ ಯಾವುದೇ ಆಗಲಿ, ನಿಮಗೆ ಬರುವ ಲಿಪಿಯಲ್ಲಿ ಬರೆದುಕೊಳ್ಳಿ. ಧ್ವನಿಮುದ್ರಿಸುವ ಅನುಕೂಲವಿದ್ದರೆ ಇನ್ನೂ ಒಳ್ಳೆಯದು. ಹಾಡಿನ ಕೆಳಗೆ ಹಾಡಿದವರ ಹೆಸರನ್ನು, ಊರನ್ನು, ಅವರು ಮಾಡುತ್ತಿದ್ದ ಕೆಲಸವನ್ನು ತಪ್ಪದೆ ಬರೆಯಿರಿ. ಹೆಸರು, ಊರು, ಕಾಯಕ – ಎಂಟುನೂರು ವರ್ಷಗಳ ಹಿಂದಿನ ಗೊಗ್ಗವ್ವೆ ನಮಗೆ ಗೊತ್ತಾದದ್ದು ಈ ಮೂರರಿಂದ, ಮತ್ತು ಆರು ವಚನಗಳಿಂದ. ನಿಮ್ಮ ಅಜ್ಜಿಯ ಹಾಡುಗಳು ಆರಕ್ಕಿಂತ ಹೆಚ್ಚೇ ಇದ್ದಾವು.