ವಿದ್ಯಾರ್ಥಿವೇತನ ಮತ್ತು ಸಮುದಾಯದ ಹೊಣೆ

(ತಿಪಟೂರಿನಲ್ಲಿ ಪಿಯುಸಿ ಹಾಗೂ ಪದವಿ ವಿದ್ಯಾರ್ಥಿಗಳ ಪೋಷಕರನ್ನುದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಜ್ಞಾನಾರ್ಜನೆಯ ಮಹತ್ವದ ಕುರಿತ ಭಾಷಣಗಳಿಗೆ ನಮ್ಮಲ್ಲಿ ಬರವಿಲ್ಲ. ಬದ್ರ್ ಯುದ್ಧದ ಖೈದಿಗಳಲ್ಲಿ ಅಕ್ಷರ ಬಲ್ಲವರು ಮದೀನಾದ ಹತ್ತು ಮಕ್ಕಳಿಗೆ ಓದು ಬರಹ ಕಲಿಸಿದರೆ ಅದೇ ಅವರ ಬಿಡುಗಡೆಯ ಪರಿಹಾರಧನವೆಂದು ಪ್ರವಾದಿವರ್ಯರು(ಸ) ನಿಗದಿಪಡಿಸಿದ್ದನ್ನು ನಾವು ಹೆಮ್ಮೆಯಿಂದ ಸ್ಮರಿಸುತ್ತೇವೆ. ಆದರೆ ಒಂದಂಶ ನಮ್ಮ ಗಮನಕ್ಕೆ ಬರುವುದಿಲ್ಲ. ಕಡುಬಡತನದ ಆ ದಿನಗಳಲ್ಲಿ, ಕೈಗೆ ಬರಬಹುದಾಗಿದ್ದ ಹಣವನ್ನು ಬಿಟ್ಟುಕೊಟ್ಟು ಆ ಸಮಾಜ ತನ್ನ ಮಕ್ಕಳ ಓದಿನ ವೆಚ್ಚ ಭರಿಸಿತು. ಇಂದು ಆ ವೆಚ್ಚದ ಕುರಿತೇ ಮಾತನಾಡಲು ಬಯಸುತ್ತೇನೆ.

ಸಾಚಾರ್ ಸಮಿತಿಯ ವರದಿ 2006ರ ನವೆಂಬರ್‌ನಲ್ಲಿ ಸಂಸತ್ತಿನಲ್ಲಿ ಮಂಡನೆಯಾಯಿತು. 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಒಂದೋ ಶಾಲೆಯ ಮೆಟ್ಟಿಲನ್ನೇ ಹತ್ತಿಲ್ಲ, ಇಲ್ಲವೇ ನಡುವೆ ಬಿಟ್ಟಿದ್ದಾರೆಂದು ಅದು ಹೇಳಿತು. ಅದರ ಬೆನ್ನಿಗೇ ಕೇಂದ್ರ ಸರಕಾರ ಅಲ್ಪಸಂಖ್ಯಾತರಿಗೆ ಮೆಟ್ರಿಕ್ ಪೂರ್ವ, ಮೆಟ್ರಿಕ್ ನಂತರದ ಹಾಗೂ ವೃತ್ತಿಪರ ಕೋರ್ಸುಗಳ ವಿದ್ಯಾರ್ಥಿವೇತನಗಳನ್ನು ಆರಂಭಿಸಿತು. ಶೇ. 30ರಷ್ಟನ್ನು ಹೆಣ್ಣುಮಕ್ಕಳಿಗೆ ಮೀಸಲಿಡಲಾಯಿತು.

ಮುಂದೆ ಗಾಳಿ ಬದಲಾಯಿತು. 2022ರಲ್ಲಿ ಒಂದರಿಂದ ಎಂಟನೆಯ ತರಗತಿಯ ಮಕ್ಕಳನ್ನು ಮೆಟ್ರಿಕ್ ಪೂರ್ವ ಯೋಜನೆಯಿಂದ ಕೈಬಿಡಲಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಝಾದ್ ಫೆಲೋಶಿಪ್ ನಿಲ್ಲಿಸಿರುವುದಾಗಿ ಸರಕಾರ ಲೋಕಸಭೆಗೆ ತಿಳಿಸಿತು. 2023ರಲ್ಲಿ ಪರಿಶೀಲನೆಗೊಳಗಾದ 1,572 ಸಂಸ್ಥೆಗಳ ಪೈಕಿ 830 ನಕಲಿಯೆಂದು ಹೊರಬಿದ್ದು ಪ್ರಕರಣ ಸಿಬಿಐಗೆ ಹೋಯಿತು. ಕೆಲವರ ವಂಚನೆಗಾಗಿ ಪ್ರಾಮಾಣಿಕ ಬಡ ವಿದ್ಯಾರ್ಥಿಗೆ ಶಿಕ್ಷೆಯಾಗುವುದು ಅನ್ಯಾಯ. ಅದನ್ನು ಪ್ರಶ್ನಿಸಲೇಬೇಕು. ಆದರೆ ಸುಳ್ಳು ಆದಾಯ, ಸುಳ್ಳು ದಾಖಲಾತಿಯಿಂದ ಬಂದ ಹಣ ಇನ್ನೊಬ್ಬ ಅನಾಥನ ಪಾಲೆಂಬುದನ್ನು ನಮ್ಮ ಮಿಂಬರುಗಳಿಂದಲೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಸರಕಾರದ ಬೊಕ್ಕಸವೂ ಅಮಾನತ್ತೇ.

ಇನ್ನು ಕೆಲವರು, "ಸರಕಾರದ ಹಣಕ್ಕೆ ಕೈಚಾಚುವುದು ಮರ್ಯಾದೆಯಲ್ಲ" ಎನ್ನುತ್ತಾರೆ. ಸಹೋದರರೇ, ಈ ಮೂರು ತಾಲೂಕುಗಳು ಮೈಸೂರು ಸಂಸ್ಥಾನದಲ್ಲಿದ್ದಾಗಲೇ, 1918ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಡಳಿತ ಮಿಲ್ಲರ್ ಸಮಿತಿಯನ್ನು ನೇಮಿಸಿತ್ತು. ಹಿಂದುಳಿದ ಸಮುದಾಯಗಳಲ್ಲಿ ಆ ಸಮಿತಿ ಮುಸ್ಲಿಮರನ್ನೂ ಗುರುತಿಸಿತು. ಹಿಂದುಳಿದವರನ್ನು ಮೇಲೆತ್ತುವುದು ಪ್ರಭುತ್ವದ ಕರ್ತವ್ಯವೆಂಬ ತಿಳಿವಳಿಕೆ ಈ ಮಣ್ಣಿಗೆ ನೂರು ವರ್ಷಕ್ಕೂ ಹಳೆಯದು.

ಈಗ ವ್ಯವಹಾರದ ಮಾತಿಗೆ ಬರೋಣ. ಮೊದಲನೆಯದಾಗಿ, ನೆರವುಗಳೆಲ್ಲ ಒಂದೇ ಅಲ್ಲ. ವಿದ್ಯಾರ್ಥಿವೇತನವನ್ನು ಮರಳಿಸಬೇಕಾಗಿಲ್ಲ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಹಾಸ್ಟೆಲ್‌ನಲ್ಲಿ ಊಟ, ವಸತಿ ದೊರೆಯುತ್ತದೆ. ಅದಕ್ಕೆ ಅರ್ಜಿ ಬೇರೆ. ವೃತ್ತಿಪರ ಕೋರ್ಸಿಗೆ ಆಯ್ಕೆಯಾದವರಿಗೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ನೀಡುವ 'ಅರಿವು' ಸಾಲವೇ ಹೊರತು ದಾನವಲ್ಲ. ಓದು ಮುಗಿದ ಮೇಲೆ ಕಂತುಗಳಲ್ಲಿ ತೀರಿಸಬೇಕು. ಬ್ಯಾಂಕಿನ ಶಿಕ್ಷಣ ಸಾಲದಲ್ಲಿ ಬಡ್ಡಿಯ ಪ್ರಶ್ನೆಯಿದೆ. ಆದ್ದರಿಂದ ಮೊದಲ ಮೂರು ಬಾಗಿಲುಗಳನ್ನು ತಟ್ಟದೆ ನಾಲ್ಕನೆಯದಕ್ಕೆ ಹೋಗಬೇಡಿ. ಯಾವ ಸಾಲವೇ ಆಗಲಿ, ಷರತ್ತುಗಳನ್ನು ಪೂರ್ತಿ ಓದದೆ ಸಹಿ ಹಾಕಬೇಡಿ.

ಎರಡನೆಯದು ದಾಖಲೆ. ರಾಜ್ಯದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ಸಲ್ಲಿಸಬೇಕು. ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಆರ್.ಡಿ. ಸಂಖ್ಯೆ ಅಲ್ಲಿ ಬೇಕು. ನಮ್ಮವರ ಅರ್ಜಿ ಎಡವುವುದು ಹೆಚ್ಚಾಗಿ ಹೆಸರಿನಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಮೊಹಮ್ಮದ್', ಆಧಾರ್‌ನಲ್ಲಿ 'ಎಂ.ಡಿ.', ಬ್ಯಾಂಕ್ ಪುಸ್ತಕದಲ್ಲಿ 'ಮಹಮ್ಮದ್'. ಹುಡುಗಿಯ ಹೆಸರಿಗೆ ಒಂದು ಕಡೆ ಬೇಗಂ, ಇನ್ನೊಂದು ಕಡೆ ಖಾನಂ, ಮತ್ತೊಂದು ಕಡೆ ಎರಡೂ ಇಲ್ಲ. ಮನುಷ್ಯರಿಗೆ ಇವರೆಲ್ಲ ಒಬ್ಬರೇ, ಯಂತ್ರಕ್ಕೆ ಮೂವರು. ಅರ್ಜಿ ಕರೆದ ಮೇಲೆ ತಿದ್ದುಪಡಿಗೆ ಓಡುವ ಬದಲು ಬೇಸಿಗೆ ರಜೆಯಲ್ಲೇ ಸರಿಪಡಿಸಿಕೊಳ್ಳಿ. ಹಣ ಬರುವುದು ಆಧಾರ್ ಜೋಡಣೆಯಾದ ಖಾತೆಗೆ; ಆ ಖಾತೆ ಚಾಲ್ತಿಯಲ್ಲಿದೆಯೇ ಎಂದು ಬ್ಯಾಂಕಿನಲ್ಲಿ ವಿಚಾರಿಸಿ. ಅರ್ಜಿ ಸಲ್ಲಿಸಿದೊಡನೆ ಕೆಲಸ ಮುಗಿಯುವುದಿಲ್ಲ, ಕಾಲೇಜಿನ ಪರಿಶೀಲನೆ ಆಗಿದೆಯೇ ಎಂದು ಕೇಳಿ ತಿಳಿಯಬೇಕು. ಸ್ವೀಕೃತಿ ಪತ್ರವನ್ನು ಜೋಪಾನವಾಗಿಡಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಶುಲ್ಕ ಕಟ್ಟಬೇಕಾದುದು ಪ್ರವೇಶದ ದಿನ. ವಿದ್ಯಾರ್ಥಿವೇತನ ಕೈಸೇರುವುದು ಎಷ್ಟೋ ತಿಂಗಳ ನಂತರ. ನಮ್ಮ ಮಕ್ಕಳು ಕಾಲೇಜು ಬಿಡುವುದು ಈ ಅಂತರದಲ್ಲೇ. ತೆಂಗಿನ ನಾಡಿನವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಯಿಯನ್ನು ಹತ್ತು ಹನ್ನೆರಡು ತಿಂಗಳು ಅಟ್ಟದಲ್ಲಿಟ್ಟು ಕಾಯಬಲ್ಲವನಿಗೆ ಉಂಡೆ ಕೊಬ್ಬರಿಯ ಬೆಲೆ ಸಿಗುತ್ತದೆ. ಇಂದಿನ ಅಕ್ಕಿಗೆ ಇಂದೇ ಹಣ ಬೇಕಾದವನು ಹಸಿ ಕಾಯಿಯನ್ನೇ ಮಾರುತ್ತಾನೆ. ಕಾಯಿ ಸುಲಿಯುವ, ನಾರಿನ ಕೆಲಸ ಮಾಡುವ, ಮಂಡಿಯಲ್ಲಿ ಮೂಟೆ ಹೊರುವ ತಂದೆಗೆ ಕಾಯುವ ಶಕ್ತಿಯಿಲ್ಲ. ಮಗ ಗ್ಯಾರೇಜಿಗೆ ಹೋಗುತ್ತಾನೆ. ತುರುವೇಕೆರೆಯಿಂದಲೋ ಚಿಕ್ಕನಾಯಕನಹಳ್ಳಿಯಿಂದಲೋ ಬಸ್ಸಿನಲ್ಲಿ ಬಂದು ಓದಬೇಕಾದ ಮಗಳು ಮನೆಯಲ್ಲೇ ಉಳಿಯುತ್ತಾಳೆ. ಅವರಿಗೆ ಕಾಯುವ ಶಕ್ತಿ ಕೊಡುವ ಅಟ್ಟ ನಮ್ಮ ಜಮಾಅತ್ ಆಗಬೇಕು.

ಇದು ಕಷ್ಟವಲ್ಲ. ಮೊಹಲ್ಲಾದ ನೂರು ಮನೆಗಳು ತಿಂಗಳಿಗೆ 100 ರೂಪಾಯಿ ಕೊಟ್ಟರೆ ವರ್ಷಕ್ಕೆ 1,20,000 ರೂಪಾಯಿ. ಅದರಿಂದ ಪ್ರವೇಶ ಶುಲ್ಕಕ್ಕೆ ಬಡ್ಡಿಯಿಲ್ಲದ ಕರ್ಝೆ ಹಸನ ಕೊಡಿ. ವಿದ್ಯಾರ್ಥಿವೇತನ ಬಂದಾಗ ಮರಳಿ ಪಡೆದು ಇನ್ನೊಬ್ಬರಿಗೆ ಕೊಡಿ. ಸಾಲವನ್ನು ಬರೆದಿಡಬೇಕೆಂಬ ಆದೇಶ ಕುರ್‌ಆನಿನ ಅತಿ ದೀರ್ಘ ವಚನದಲ್ಲಿದೆ. ಆದ್ದರಿಂದ ಲೆಕ್ಕ ಬರೆದಿಡಿ, ಸಾಕ್ಷಿಗಳಿರಲಿ. ಈ ನಿಧಿಗೆ ಝಕಾತ್ ಹಣ ಬೆರೆಸಬೇಡಿ. ಹನಫಿ ಫಿಕ್ಹ್ ಪ್ರಕಾರ ಝಕಾತನ್ನು ಅರ್ಹ ಬಡವನ ಒಡೆತನಕ್ಕೇ ಒಪ್ಪಿಸಬೇಕು. ಝಕಾತಿಗೆ ಅರ್ಹನಾದ ವಿದ್ಯಾರ್ಥಿಗೆ ಅದನ್ನು ನೇರವಾಗಿ ಕೊಡಿ, ಮರಳಿ ಕೇಳಬೇಡಿ. ಜೊತೆಗೆ ಪ್ರತಿ ಮಸೀದಿಯಲ್ಲಿ ಇಬ್ಬರು ಪದವೀಧರರು, ಅದರಲ್ಲೊಬ್ಬ ಸಹೋದರಿ, ಜುಮಾ ನಂತರ ಒಂದು ತಾಸು ಅರ್ಜಿ ತುಂಬಿಸಲು ಕುಳಿತುಕೊಳ್ಳಲಿ. ಬಡವರಿಂದ ದಲ್ಲಾಳಿಗಳು ಕೀಳುವ ಹಣವೂ ಆಗ ಉಳಿಯುತ್ತದೆ.

ಮದುವೆಯ ಬಿರಿಯಾನಿಗೆ ಸಾಲ ಮಾಡಲು ಹಿಂಜರಿಯದ ಸಮುದಾಯ ಮಗಳ ಕಾಲೇಜು ಶುಲ್ಕಕ್ಕೆ ಮಾತ್ರ ಬಡತನದ ನೆಪ ಹೇಳಬಾರದು. ಮುತವಲ್ಲಿಗಳೇ, ಈ ವರ್ಷ ನಿಮ್ಮ ಮೊಹಲ್ಲಾದಲ್ಲಿ ಪಿಯುಸಿ ತೇರ್ಗಡೆಯಾದವರ ಪಟ್ಟಿ ಮಾಡಿ. ಮುಂದಿನ ವರ್ಷ ಅವರಲ್ಲಿ ಎಷ್ಟು ಮಂದಿ ಕಾಲೇಜಿನಲ್ಲಿದ್ದಾರೆಂದು ಎಣಿಸಿ. ಆ ಎಣಿಕೆಯೇ ನಮ್ಮ ಜಮಾಅತಿನ ಅಂಕಪಟ್ಟಿ. ಅದರಲ್ಲಿ ತೇರ್ಗಡೆಯಾಗುವ ಸೌಭಾಗ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.